ಪರಾರಿಯಾದವನ ಕಾದಂಬರಿ ಬರೆಯುವ ಬಗೆ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದ ಪತ್ತೇದಾರಿ ಕಾದಂಬರಿಗಳಲ್ಲಿ ಓದುಗ ಸಾಮಾನ್ಯವಾಗಿ ಹುಡುಕುವವನ ಬೆನ್ನಹಿಂದೆ ನಡೆಯುತ್ತಾನೆ. ಪರಾರಿಯಾದವನ ಕಥೆಯಲ್ಲಿ ಅವನು ಓಡುವವನ ಜೊತೆಗಿರುತ್ತಾನೆ. ಕೊಲೆ ಮಾಡಿದವರು ಯಾರು ಎಂಬುದಕ್ಕಿಂತ ಇಂದಿನ ರಾತ್ರಿ ಎಲ್ಲಿ ಮಲಗುವುದು, ಯಾರ ಮನೆಯ ಬಾಗಿಲು ತಟ್ಟುವುದು, ತಟ್ಟಿದರೆ ತೆರೆದವರು ಏನು ಮಾಡಿಯಾರು ಎಂಬ ಪ್ರಶ್ನೆಗಳೇ ಅವನನ್ನು ಕಾಡುತ್ತವೆ. ಆ ಬಾಗಿಲು ತೆರೆಯುವ ಜನರು ಎಷ್ಟು ವಿಲಕ್ಷಣರೋ ಕಾದಂಬರಿ ಅಷ್ಟು ಸೊಗಸು ಎಂಬ ನಂಬಿಕೆ ಬರಹಗಾರರಲ್ಲಿದೆ. ಆ ನಂಬಿಕೆ ಅರ್ಧ ಮಾತ್ರ ನಿಜ. ತಿಕ್ಕಲು ಸ್ವಭಾವ ಬರೀ ರಂಜನೆಗಾಗಿ ಬಂದರೆ ಓಟ ಅಲ್ಲಿಗೇ ನಿಲ್ಲುತ್ತದೆ. ಅದೇ ತಿಕ್ಕಲು ಓಡುವವನ ದಾರಿಯನ್ನು ತಿರುಗಿಸಿದರೆ, ಅವನಿಗೆ ಏನನ್ನೋ ಕೊಟ್ಟು ಇನ್ನೇನನ್ನೋ ಕಿತ್ತುಕೊಂಡರೆ, ಕಥೆಗೆ ವೇಗ ಬರುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ತತ್ತ್ವದ ಮೇಲೆ ನಿಂತಿವೆ.

ವಿವರಣೆಗಾಗಿ ಒಂದೇ ಕಾಲ್ಪನಿಕ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬಳಸುತ್ತೇನೆ. ಸಂಡೂರು ಕಡೆಯ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಗುಮಾಸ್ತನೊಬ್ಬನಿದ್ದಾನೆ. ಪರ್ಮಿಟ್ಟಿನಲ್ಲಿ ಬರೆದ ತೂಕ ಒಂದು, ಲಾರಿಯಲ್ಲಿ ಹೋಗುವ ತೂಕ ಇನ್ನೊಂದು. ನಿಜವಾದ ತೂಕದ ಚೀಟಿಗಳನ್ನು ಅವನು ತೆಗೆದಿಟ್ಟುಕೊಂಡಿದ್ದಾನೆ. ಅವನ ಮೇಲಧಿಕಾರಿಯ ಕೊಲೆಯಾಗುತ್ತದೆ, ಆರೋಪ ಅವನ ತಲೆಗೆ ಬರುತ್ತದೆ, ಅವನು ಓಡುತ್ತಾನೆ.

ಹಂತ 1: ಓಡುವುದಕ್ಕೆ ಕಾರಣ, ನಿಲ್ಲಲಾರದ್ದಕ್ಕೆ ಕಾರಣ

ಓಡುವುದಕ್ಕೆ ಕಾರಣ ಹುಡುಕುವುದು ಸುಲಭ. ಕಷ್ಟವಿರುವುದು ಎರಡನೆಯದರಲ್ಲಿ: ಒಳ್ಳೆಯ ವಕೀಲನನ್ನು ಹಿಡಿದು ನಿರೀಕ್ಷಣಾ ಜಾಮೀನು ಪಡೆಯುವ ಬದಲು ಇವನು ಓಡುತ್ತಲೇ ಇರುವುದೇಕೆ ಎಂದು ಓದುಗ ಮೂರನೆಯ ಅಧ್ಯಾಯದ ಹೊತ್ತಿಗೆ ಕೇಳಿಯೇ ಕೇಳುತ್ತಾನೆ. ‘ಪೊಲೀಸರೆಲ್ಲ ಭ್ರಷ್ಟರು’ ಎಂಬ ಒಂದು ವಾಕ್ಯದಿಂದ ಇದಕ್ಕೆ ಉತ್ತರ ಕೊಡಲು ಹೊರಟರೆ ಕಥೆ ಬಡವಾಗುತ್ತದೆ. ನಮ್ಮ ಗುಮಾಸ್ತನಿಗೆ ಹೀಗೊಂದು ಕಾರಣ ಕೊಡೋಣ: ಬಳ್ಳಾರಿಯಲ್ಲಿ ಅವನ ಹೆಂಡತಿ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ದುಡಿಯುತ್ತಾಳೆ. ಮನೆಯ ತಪಾಸಣೆಗೆ ಜನ ಬರುವ ಮೊದಲು ಅವಳು ತೂಕದ ಚೀಟಿಗಳನ್ನು ಪ್ಯಾಂಟುಗಳ ಜೇಬಿನ ಅಸ್ತರಿಯೊಳಗೆ ಇಟ್ಟು ಹೊಲಿದುಬಿಡುತ್ತಾಳೆ. ಮರುದಿನ ಆ ಮಾಲು ಘಟಕದಿಂದ ಹೊರಬೀಳುತ್ತದೆ. ಕೊಂಡವನು ಜಾತ್ರೆಗಳಲ್ಲಿ ಅಂಗಡಿ ಹಾಕುವ ಬಟ್ಟೆ ವ್ಯಾಪಾರಿ. ಈಗ ಗುಮಾಸ್ತನ ನಿರಪರಾಧಿತ್ವವು ಯಾರೂ ಕೊಳ್ಳದಿರಲಿ ಎಂದು ಅವನು ಹಾರೈಸಬೇಕಾದ ಕೆಲವು ಪ್ಯಾಂಟುಗಳಲ್ಲಿದೆ. ಶರಣಾದರೆ ಆ ಚೀಟಿಗಳು ಕೈತಪ್ಪುತ್ತವೆ. ಹೀಗೆ ಅವನ ಓಟಕ್ಕೆ ಹಿಂದಿನಿಂದ ತಳ್ಳುವ ಭಯದ ಜೊತೆಗೆ ಮುಂದೆ ಒಂದು ಗುರಿಯೂ ಸಿಕ್ಕಿತು. ಎರಡೂ ಇರಲೇಬೇಕು.

ಹಂತ 2: ವರ್ಷವನ್ನು ಆರಿಸಿ, ಪಂಚಾಂಗದ ಎದುರು ಕುಳಿತುಕೊಳ್ಳಿ

ಹೊಸಬರು ಅತಿ ಕಡಿಮೆ ಗಮನ ಕೊಡುವ, ಆದರೆ ಇಡೀ ಕಥೆಯನ್ನು ನಿರ್ಧರಿಸುವ ಹಂತ ಇದು. ಈ ಸೀಮೆಯಲ್ಲಿ ಪರಾರಿಯ ಕಥೆಗೆ ಮೂರು ಕಾಲಗಳು ಮೇಲುನೋಟಕ್ಕೇ ಆಕರ್ಷಕವಾಗಿ ಕಾಣುತ್ತವೆ.

ಮೊದಲನೆಯದು 1947–48. ಆಗ ರಾಯಚೂರು, ಕೊಪ್ಪಳಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪಶ್ಚಿಮಕ್ಕೆ ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಇವುಗಳ ನಡುವೆ ಘೋರ್ಪಡೆಯವರ ಸಂಡೂರು ಪ್ರತ್ಯೇಕ ಸಂಸ್ಥಾನವಾಗಿ 1949ರವರೆಗೂ ಉಳಿದಿತ್ತು. ಗಟ್ಟಿ ಕಾಲಿನವನೊಬ್ಬ ಎರಡು ಮೂರು ದಿನಗಳಲ್ಲಿ ನಾಲ್ಕು ಆಡಳಿತಗಳ ಗಡಿಯನ್ನು ದಾಟಬಹುದಾಗಿದ್ದ ನೆಲವಿದು. ನಿಜಾಮನ ಕಡೆಯ ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಮದ್ರಾಸಿನ ಕಡೆಯ ಹಂಪಿಯಲ್ಲಿ ಇಳಿದರೆ ಒಬ್ಬ ದೊರೆಯ ಪೊಲೀಸರಿಂದ ತಪ್ಪಿಸಿಕೊಂಡಂತೆಯೇ. ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಕಾಲದಲ್ಲಿ ಮುಂಡರಗಿಯಂಥ ಗಡಿಯಾಚೆಯ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದದ್ದೂ ಈ ಗಡಿಗಳಿಂದಾಗಿಯೇ. ಐತಿಹಾಸಿಕ ಕಾದಂಬರಿಯ ಶ್ರಮಕ್ಕೆ ಸಿದ್ಧರಿರುವವರು ಇದನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಎರಡನೆಯದು 2024. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಎಂಥ ಥ್ರಿಲ್ಲರಿಗೂ ಸಾಕಾಗುವ ಘಟನೆ. ಆದರೆ ಆ ಹೊತ್ತಿಗೆ ಚಹಾದಂಗಡಿಯಲ್ಲೂ ಯುಪಿಐ, ಟೋಲಿನಲ್ಲಿ ಫಾಸ್ಟ್ಯಾಗ್, ಕಿರಾಣಿ ಅಂಗಡಿಯಲ್ಲೂ ಸಿಸಿಟಿವಿ ಬಂದಿದ್ದವು. ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳೂ ಜಾರಿಯಾಗಿದ್ದವು. ಓಡುವವನಿಗೆ ಉಸಿರಾಡಲು ಬಿಡದ ಕಾಲವದು.

ಮೂರನೆಯದು ಗಣಿಗಾರಿಕೆಯ ಉತ್ಕರ್ಷದ ಕೊನೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಕ್ಕೆ ಕೆಲವು ತಿಂಗಳ ಮೊದಲು, 2010ರ ಡಿಸೆಂಬರ್‌ನಲ್ಲಿ ಕಥೆ ಆರಂಭವಾದರೆ ಈ ವ್ಯವಸ್ಥೆ ಕುಸಿಯಲಿದೆ ಎಂಬುದು ಓದುಗನಿಗೆ ಗೊತ್ತಿರುತ್ತದೆ, ಪಾತ್ರಗಳಿಗೆ ಗೊತ್ತಿರುವುದಿಲ್ಲ. ಮೊಬೈಲು ಇದೆ, ಆದರೆ ಒಂದು ರೂಪಾಯಿ ಹಾಕಿ ಮಾತಾಡುವ ಕಾಯಿನ್ ಬೂತುಗಳೂ ಉಳಿದಿವೆ. ನಮ್ಮ ಗುಮಾಸ್ತನಿಗೆ ಇದೇ ಕಾಲ ಒಪ್ಪುತ್ತದೆ.

ವರ್ಷ ಗೊತ್ತಾದ ಕೂಡಲೇ ಆ ವರ್ಷದ ಪಂಚಾಂಗವನ್ನು ತೆರೆಯಬೇಕು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಮುಳುಗಿ ಸಂಚಾರ ನಿಂತುಹೋಗುತ್ತದೆ. ಇಂಥ ದೃಶ್ಯವನ್ನು ಬರೆಯಲು ಯಾರ ಕೈ ತುರಿಸುವುದಿಲ್ಲ? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಕೂಡ ಅಷ್ಟೇ ಪ್ರಲೋಭನೆ ಒಡ್ಡುತ್ತದೆ. ಆದರೆ ಸೇತುವೆ ಮುಳುಗುವುದು ಮಳೆಗಾಲದಲ್ಲಿ. ಮೊಹರಂ ಚಾಂದ್ರಮಾನದಂತೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವ ಹಬ್ಬ. 2010ರಲ್ಲಿ ಅದು ಡಿಸೆಂಬರ್ 17ಕ್ಕೆ ಬಂದಿತ್ತು. ಹೊಳೆ ತುಂಬಿ ಹರಿಯುವ ತಿಂಗಳಿಗೂ ಆ ಹಬ್ಬಕ್ಕೂ ಆ ವರ್ಷ ತಾಳೆಯಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು, ನಾನಾದರೆ ಪ್ರವಾಹವನ್ನು ಬಿಡುತ್ತೇನೆ. ಏಕೆಂದರೆ ಡಿಸೆಂಬರ್ 17ನ್ನು ಹಿಡಿದುಕೊಂಡರೆ ಪಂಚಾಂಗವೇ ಮುಂದಿನ ದಾರಿಯನ್ನು ಹೇಳಿಕೊಡುತ್ತದೆ: 2011ರ ಜನವರಿ 4ಕ್ಕೆ ಎಳ್ಳಮಾವಾಸ್ಯೆ, ಪುಷ್ಯ ಬಹುಳ ಬಿದಿಗೆಗೆ, ಅಂದರೆ ಆ ವರ್ಷದ ಜನವರಿ ಮೂರನೆಯ ವಾರದಲ್ಲಿ, ಕೊಪ್ಪಳದ ಗವಿಮಠದ ತೇರು. ಮೂರು ಜನಜಂಗುಳಿಗಳು, ಮೂರು ಬಗೆಯ ಅಪಾಯಗಳು, ಒಟ್ಟು ಐದು ವಾರಗಳ ಓಟ.

ಚಂದ್ರನನ್ನೂ ಮರೆಯಬಾರದು. ಮೊಹರಂನ ಹಿಂದಿನ ರಾತ್ರಿಗೆ ಕತ್ತಲರಾತ್ರಿ ಎಂದು ಹೆಸರಿದ್ದರೂ ಅದು ಶುಕ್ಲಪಕ್ಷದ ನಡುವಿನದು. ನಡುರಾತ್ರಿ ಕಳೆದು ಬಹಳ ಹೊತ್ತಿನವರೆಗೂ ಬೆಳದಿಂಗಳಿರುತ್ತದೆ, ಅನಂತರವೇ ಕತ್ತಲು. ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ ಹೊಲದಲ್ಲಿ ತನ್ನ ಕೈ ತನಗೆ ಕಾಣುವುದಿಲ್ಲ. ಯಾವ ರಾತ್ರಿ ಯಾರು ಯಾರ ಮುಖವನ್ನು ಎಷ್ಟು ದೂರದಿಂದ ಗುರುತಿಸಬಲ್ಲರು ಎಂಬುದು ಈ ಪ್ರಕಾರದ ಕಾದಂಬರಿಯಲ್ಲಿ ಜೀವ ಉಳಿಸುವ, ಜೀವ ತೆಗೆಯುವ ಸಂಗತಿ.

ಹಂತ 3: ನೆಲವನ್ನು ಓಡುವವನ ಕಣ್ಣಿನಿಂದ ನೋಡಿ

ನಕಾಶೆಯ ಮೇಲೆ ದಾರಿ ಗುರುತಿಸುವ ಮುನ್ನ ಆ ತಿಂಗಳಲ್ಲಿ ಹೊಲಗಳಲ್ಲಿ ಏನು ನಿಂತಿದೆ ಎಂದು ಕೇಳಿಕೊಳ್ಳಬೇಕು. ನೀರಾವರಿ ಪ್ರದೇಶ ಹಸಿರಾಗಿರುತ್ತದೆ, ಅಡಗಲು ಅನುಕೂಲ ಎಂದು ದೂರದ ಊರಿನ ಬರಹಗಾರ ಊಹಿಸಬಹುದು. ಡಿಸೆಂಬರ್‌ನಲ್ಲಿ ಸ್ಥಿತಿ ತದ್ವಿರುದ್ಧ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಕೊಯ್ಲಾಗಿ ಕೂಳೆ ಮಾತ್ರ ಉಳಿದಿರುತ್ತದೆ. ಒಂದು ನಾಯಿ ನಡೆದರೂ ದೂರದಿಂದ ಕಾಣುತ್ತದೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆಯ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಆಳೆತ್ತರಕ್ಕೆ ನಿಂತಿರುತ್ತದೆ. ಆದ್ದರಿಂದ ಓಡುವವನು ನೀರಿರುವ ಕಡೆಯಿಂದ ನೀರಿಲ್ಲದ ಕಡೆಗೆ ಹೋಗುತ್ತಾನೆ. ಊಟ, ಕೆಲಸ, ನೆರಳು ಇರುವ ನಾಡಿನಲ್ಲಿ ಅಡಗಲು ಜಾಗವಿಲ್ಲ. ಅಡಗಲು ಜಾಗವಿರುವ ನಾಡಿನಲ್ಲಿ ಕುಡಿಯುವ ನೀರಿಗೂ ಯಾರದೋ ಬಾವಿಯನ್ನು ಹುಡುಕಬೇಕು. ಕಾದಂಬರಿಯ ನಡುಭಾಗವನ್ನು ನಡೆಸಲು ಇಷ್ಟು ವಿರೋಧ ಸಾಕು.

ಇಲ್ಲಿಯೇ ಎಳ್ಳಮಾವಾಸ್ಯೆ ಕೆಲಸಕ್ಕೆ ಬರುತ್ತದೆ. ಜೋಳದ ಹೊಲದಲ್ಲಿ ಹಲವು ದಿನ ಸುರಕ್ಷಿತವಾಗಿದ್ದ ಗುಮಾಸ್ತನಿಗೆ ಅಂದು ಬೆಳಗ್ಗೆ ಎತ್ತಿನ ಗಾಡಿಗಳ, ಟ್ರ್ಯಾಕ್ಟರುಗಳ ಸದ್ದು ಕೇಳಿಸುತ್ತದೆ. ಸುತ್ತಲಿನ ಊರುಗಳ ಮನೆಮಂದಿಯೆಲ್ಲ ಭೂಮಿಗೆ ಎಡೆಯಾಗಿ ಚರಗ ಚೆಲ್ಲಲು, ಹೊಲದಲ್ಲಿಯೇ ಉಣ್ಣಲು ಬರುತ್ತಿದ್ದಾರೆ. ಅಡಗುತಾಣವೇ ಊಟದ ಪಂಕ್ತಿಯಾಗುತ್ತದೆ. ಅಂದು ಹೊಲದಲ್ಲಿ ಕಂಡವರನ್ನು ಉಣ್ಣಲು ಕರೆಯದೆ ಬಿಡುವುದಿಲ್ಲವಾದ್ದರಿಂದ ಅವನು ಓಡಿದರೆ ಕಳ್ಳನಾಗುತ್ತಾನೆ, ಕುಳಿತರೆ ಅತಿಥಿಯಾಗುತ್ತಾನೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ನಡುವೆ ‘ಯಾವೂರಪ್ಪಾ ನಿಂದು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಬಂದೂಕಿನ ಕಾಳಗಕ್ಕಿಂತ ಈ ಊಟ ಹೆಚ್ಚು ಉದ್ವೇಗ ತರಬಲ್ಲದು.

ಮಣ್ಣಿನ ಬಣ್ಣವೂ ಸಾಕ್ಷಿ ಹೇಳುತ್ತದೆ. ಸಂಡೂರಿನ ಅದಿರಿನ ಕೆಂಪು ಧೂಳು ಕಾಲರಿನ ಒಳಮಡಿಕೆ, ಉಗುರಿನ ಸಂದು, ಕೂದಲ ಬುಡದಲ್ಲಿ ಕುಳಿತಿರುತ್ತದೆ; ಎರೆಸೀಮೆಯಲ್ಲಿ ಅದು ಎದ್ದು ಕಾಣುತ್ತದೆ. ಅಕಾಲಿಕ ಮಳೆ ಬಂದರಂತೂ ಎರೆ ಮಣ್ಣು ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಾಗದಂತೆ ಮಾಡುತ್ತದೆ, ಹಿಂದೆ ಬಿದ್ದ ಹೆಜ್ಜೆಗುರುತೂ ಒಣಗಿ ಹಾಗೆಯೇ ಉಳಿಯುತ್ತದೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳಲ್ಲಿ ಹೆಜ್ಜೆ ಮೂಡುವುದಿಲ್ಲ, ಆದರೆ ಅಲ್ಲಿ ಚಿರತೆ, ಕರಡಿಗಳ ಅಂಜಿಕೆಯಿದೆ.

ಹಂತ 4: ಕಾನೂನು ಮತ್ತು ಫೋನು

ಕಾನೂನನ್ನು ಅಡ್ಡಿಯೆಂದು ಭಾವಿಸದೆ ಕಥೆ ಹುಟ್ಟಿಸುವ ಯಂತ್ರವೆಂದು ಓದಬೇಕು. 2010ರಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 212ನೆಯ ಕಲಮಿನ ಪ್ರಕಾರ ಅಪರಾಧಿಗೆ ಆಶ್ರಯ ಕೊಡುವುದು ಅಪರಾಧ. ಆದರೆ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಆಶ್ರಯ ಕೊಟ್ಟರೆ ಆ ಕಲಮು ಅನ್ವಯಿಸುವುದಿಲ್ಲ. ತಾಯಿಗೆ, ಅಕ್ಕನಿಗೆ, ಗೆಳೆಯನಿಗೆ ಈ ವಿನಾಯಿತಿ ಇಲ್ಲ. ಈ ಸಣ್ಣ ಸಂಗತಿಯಿಂದ ಎಷ್ಟು ಕಥೆ ಹುಟ್ಟುತ್ತದೆ ನೋಡಿ: ಒಂದು ರಾತ್ರಿ ತಂಗಲು ಜಾಗ ಕೊಟ್ಟ ಅಕ್ಕ ಠಾಣೆಗೆ ಹೋಗಬೇಕಾಗುತ್ತದೆ, ಹೆಂಡತಿಯ ಮೇಲೆ ಅದೇ ಕಾರಣಕ್ಕೆ ಕೈ ಮಾಡುವಂತಿಲ್ಲ, ಅತ್ತಿಗೆ ನಾದಿನಿಯರ ಹಳೆಯ ಮುನಿಸು ಈ ವ್ಯತ್ಯಾಸದಿಂದ ಭುಗಿಲೇಳುತ್ತದೆ. 2024ರ ನಂತರದ ಕಥೆಯಾದರೆ ಭಾರತೀಯ ನ್ಯಾಯ ಸಂಹಿತೆಯ 249ನೆಯ ಕಲಮು ನೋಡಬೇಕು. ಅಲ್ಲಿಯೂ ಈ ವಿನಾಯಿತಿ ಮುಂದುವರಿದಿದೆ.

ಹಾಗೆಯೇ ತಲೆಮರೆಸಿಕೊಂಡವನ ವಿರುದ್ಧದ ಉದ್ಘೋಷಣೆ. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 82ನೆಯ ಕಲಮಿನ ಪ್ರಕಾರ ಹಾಜರಾಗಲು ಕನಿಷ್ಠ 30 ದಿನಗಳ ಅವಕಾಶ ಕೊಟ್ಟು, ಆರೋಪಿ ವಾಸವಾಗಿದ್ದ ಊರಿನ ಎದ್ದುಕಾಣುವ ಜಾಗದಲ್ಲಿ ಅದನ್ನು ಎಲ್ಲರ ಮುಂದೆ ಓದಬೇಕು, ಮನೆಗೂ ನ್ಯಾಯಾಲಯಕ್ಕೂ ಅಂಟಿಸಬೇಕು. ಊರ ಕಟ್ಟೆಯ ಮೇಲೆ ನಿಂತು ಪೇದೆಯೊಬ್ಬ ಗ್ರಾಂಥಿಕ ಕನ್ನಡದಲ್ಲಿ ಅದನ್ನು ಓದುವಾಗ ಕೇಳುತ್ತಿರುವ ಓಣಿಯ ಜನರ ಮುಖಗಳನ್ನು ಒಂದು ಇಡೀ ಅಧ್ಯಾಯವಾಗಿಸಬಹುದು.

ಫೋನಿನ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಟವರಿನ ದಾಖಲೆಯಿಂದ ಅವನ ಜಾಡು ಸಿಗುತ್ತದೆ, ಆದ್ದರಿಂದ ಅದನ್ನು ಅವನು ಕಳೆದುಕೊಳ್ಳಬೇಕು. ಅದಿರಿನ ಲಾರಿಯಲ್ಲಿ ಫೋನಿಟ್ಟು ಬೇಲೆಕೇರಿ ಬಂದರಿಗೆ ಕಳಿಸುವ ಉಪಾಯ ಮೊದಲು ಹೊಳೆಯುತ್ತದೆ. ಆದರೆ 2010ರ ಜುಲೈನಲ್ಲಿಯೇ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆದಿತ್ತು. ಡಿಸೆಂಬರ್‌ನಲ್ಲಿ ಆ ಲಾರಿ ಎಲ್ಲಿಂದ ಬರಬೇಕು? ಅದರ ಬದಲು ಹಂಪಿ ಎಕ್ಸ್‌ಪ್ರೆಸ್ಸಿನ ಸೀಟಿನ ಕೆಳಗೆ ಇಡಲಿ. ಬಳ್ಳಾರಿ ಬಿಟ್ಟ ಆ ರೈಲು ಆಂಧ್ರದ ಗುಂತಕಲ್ಲಿನ ಮೇಲೆ ಹಾದು ಬೆಂಗಳೂರಿಗೆ ಹೋಗುತ್ತದೆ. ಒಂದೇ ರಾತ್ರಿಯಲ್ಲಿ ಫೋನು ಬೇರೆ ರಾಜ್ಯ, ಬೇರೆ ಟೆಲಿಕಾಂ ವಲಯ ಹೊಕ್ಕು ಮರಳಿ ಬರುತ್ತದೆ, ಪೊಲೀಸರ ಪತ್ರ ವ್ಯವಹಾರ ಬೆಳೆಯುತ್ತದೆ.

ಹಂತ 5: ತಿಕ್ಕಲು ಮನುಷ್ಯರನ್ನು ಕಟ್ಟುವುದು

ಈಗ ಮುಖ್ಯ ಕೆಲಸ. ವಿಲಕ್ಷಣ ಪಾತ್ರವೆಂದರೆ ವಿಚಿತ್ರ ಟೋಪಿ, ತೊದಲು ಮಾತು, ಹೆಗಲ ಮೇಲೊಂದು ಕೋತಿ ಎಂದು ತಿಳಿದು ಬರೆದ ಹಸ್ತಪ್ರತಿಗಳು ಸಾಕಷ್ಟಿವೆ. ಅಂಥ ಪಾತ್ರ ಮೊದಲ ಸಲ ನಗಿಸುತ್ತದೆ, ಎರಡನೆಯ ಸಲ ಬೇಸರ ತರಿಸುತ್ತದೆ. ಗಟ್ಟಿಯಾದ ತಿಕ್ಕಲಿನ ಹಿಂದೆ ಒಂದು ಕಸುಬು ಇರುತ್ತದೆ; ಹತ್ತಾರು ವರ್ಷ ಒಂದೇ ಕೆಲಸ ಮಾಡಿದವನು ಇಡೀ ಜಗತ್ತನ್ನು ಆ ಕೆಲಸದ ಅಳತೆಗೋಲಿನಿಂದ ಅಳೆಯತೊಡಗುತ್ತಾನೆ. ಪ್ರತಿಯೊಂದು ಪಾತ್ರಕ್ಕೂ ಅವನ ಗೀಳು ಏನು, ಅದು ಯಾವ ಬದುಕಿನಿಂದ ಬಂತು, ಅದರಿಂದ ಓಡುವವನಿಗೆ ಸಿಗುವುದೇನು, ಅದಕ್ಕೆ ಅವನು ತೆರುವ ಬೆಲೆ ಏನು, ಯಾವ ಗಳಿಗೆಯಲ್ಲಿ ಅವನು ತನ್ನ ನೇಮವನ್ನು ತಾನೇ ಮುರಿಯುತ್ತಾನೆ ಎಂದು ಕೇಳಿಕೊಂಡು ಉತ್ತರಗಳನ್ನು ಬರೆದಿಡಬೇಕು. ಬೆಲೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಪಾತ್ರ ಇನ್ನೂ ಸಿದ್ಧವಾಗಿಲ್ಲ.

ಗಂಗಾವತಿಯ ಕಡೆಯ ಹಳ್ಳಿಯೊಂದರಲ್ಲಿ ಪೌರಾಣಿಕ ನಾಟಕ ಕಲಿಸುವ ಪೇಟಿ ಮಾಸ್ತರನನ್ನು ತೆಗೆದುಕೊಳ್ಳೋಣ. ಈ ಸೀಮೆಯಲ್ಲಿ ನಾಟಕದ ಹುಚ್ಚು ಇಂದು ನಿನ್ನೆಯದಲ್ಲ. ಬಳ್ಳಾರಿ ರಾಘವರಂಥ ನಟರನ್ನು ಕೊಟ್ಟ ನೆಲವಿದು. ಬದುಕಿಡೀ ಹಾರ್ಮೋನಿಯಂ ಮುಂದೆ ಕುಳಿತ ಮಾಸ್ತರನಿಗೆ ಮುಖಗಳು ನೆನಪಿರುವುದಿಲ್ಲ, ಪೇಟಿಯ ಕರಿ, ಬಿಳಿ ಮನೆಗಳ ಲೆಕ್ಕದಲ್ಲಿ ಅವರವರ ಶ್ರುತಿ ನೆನಪಿರುತ್ತದೆ. ಗಡ್ಡ ಬಿಟ್ಟು, ಹೆಸರು ಬದಲಿಸಿ, ದನಿ ತಗ್ಗಿಸಿ ಬಂದ ಗುಮಾಸ್ತನನ್ನು ಅವನು ಎರಡು ಮಾತಿನಲ್ಲಿ ಹಿಡಿದುಬಿಡುತ್ತಾನೆ:

“ಗಡ್ಡಾ ಬಿಟ್ರ ದನಿ ಬದಲಾಗತೈತೇನೋ ತಮ್ಮಾ? ಕರಿ ಎರಡರಾಗ ಮಾತಾಡಾಂವ ನೀ, ಬಿಳಿ ಒಂದಕ್ಕ ಇಳದು ಮಾತಾಡಿದ್ರ ಗೊತ್ತಾಗಂಗಿಲ್ಲೇನು?”

“ಮಾಸ್ತರ, ನಾ ಯಾರಂತ ನಿಮಗ ಗೊತ್ತಿಲ್ರಿ.”

“ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ. ಇವತ್ತ ರಾತ್ರಿ ನಮ್ಮ ಕರ್ಣ ಬಂದಿಲ್ಲ. ನೀ ನಿಂದರತಿಯೋ ಇಲ್ಲೋ, ಅಷ್ಟ ಹೇಳು.”

ಇದೇ ಬೆಲೆ. ಮಾಸ್ತರನಿಗೆ ಪೊಲೀಸರ ಚಿಂತೆಯಿಲ್ಲ, ಕೊಲೆಯ ಚಿಂತೆಯಿಲ್ಲ. ಕರ್ಣನಿಲ್ಲದೆ ನಾಟಕ ನಿಲ್ಲಬಾರದು. ತಲೆಮರೆಸಿಕೊಳ್ಳಬೇಕಾದವನು ಮುಖಕ್ಕೆ ಬಣ್ಣ ಬಳಿದುಕೊಂಡು, ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಯಾಗಿ ಕುಳಿತ ಸಬ್‌ಇನ್‌ಸ್ಪೆಕ್ಟರನ ಎದುರು, ಊರವರೆಲ್ಲರ ಕಣ್ಣೆದುರು ನಿಂತು ಕಂದಪದ್ಯ ಹಾಡಬೇಕು. ಚೆನ್ನಾಗಿ ಹಾಡಿದರೆ ಅವನನ್ನು ಸನ್ಮಾನಿಸಲು ಹೆಸರು, ಊರು ಕೇಳುತ್ತಾರೆ. ಕೆಟ್ಟದಾಗಿ ಹಾಡಿದರೆ ಜನ ಗದ್ದಲವೆಬ್ಬಿಸಿ ಅವನನ್ನು ಇನ್ನಷ್ಟು ಗಮನಿಸುತ್ತಾರೆ. ನಡುಮಟ್ಟಕ್ಕೆ ಹಾಡುವುದೊಂದೇ ದಾರಿ, ಮಾಸ್ತರ ಸಹಿಸಲಾರದ್ದು ಅದೊಂದೇ.

ಎರಡನೆಯವನು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಕೂದಲು ವ್ಯಾಪಾರಿ. ಮನುಷ್ಯರ ಕೂದಲನ್ನು ಊರೂರಿನಿಂದ ತರಿಸಿ, ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಳಿಸುವ ಉದ್ಯಮ ಅಲ್ಲಿ ಬೇರೂರಿದೆ. ನಮ್ಮ ವ್ಯಾಪಾರಿ ಎದುರಿಗಿದ್ದವರ ಕಣ್ಣನ್ನು ನೋಡಿ ಮಾತಾಡುವುದಿಲ್ಲ, ಹಣೆಯ ಮೇಲ್ಭಾಗ ನೋಡಿ ಮಾತಾಡುತ್ತಾನೆ. ಯಾರ ಊರಿನ ನೀರು ಗಡುಸು, ಯಾರ ಮನೆಯಲ್ಲಿ ಎಣ್ಣೆ ಕಡಿಮೆಯಾಗಿದೆ ಎಂದು ಹೇಳಿಬಿಡುತ್ತಾನೆ. ಗುಮಾಸ್ತ ಅವನ ಗೋದಾಮಿನಲ್ಲಿ ಕೂಲಿ ಕೇಳಿಕೊಂಡು ಬಂದಾಗ ಅವನು ತಲೆಯೊಳಗೆ ಬೆರಳಾಡಿಸಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಐದು ವಾರವಾದರೂ ಅದಿರಿನ ಕೆಂಪು ಪೂರ್ತಿ ಹೋಗಿಲ್ಲ. ಅವನು ಠಾಣೆಗೆ ಹೇಳುವುದಿಲ್ಲ, ತಲೆ ಬೋಳಿಸಿಕೊಳ್ಳಲು ಹೇಳುತ್ತಾನೆ. ಉಪಕಾರ ಎಂದು ಓದುಗ ನಂಬಿದ ಎರಡು ಅಧ್ಯಾಯಗಳ ನಂತರ ಆ ಕೂದಲಿನ ಗಂಟು ಕಾಗದದ ಪೊಟ್ಟಣದಲ್ಲಿ ಭದ್ರವಾಗಿ ಅವನ ಕಪಾಟಿನಲ್ಲಿರುವುದು ಗೊತ್ತಾಗಬೇಕು. ಅದು ಸಾಕ್ಷ್ಯವೂ ಹೌದು, ಮಾರಾಟಕ್ಕಿಟ್ಟ ಸರಕೂ ಹೌದು.

ಉಳಿದವರನ್ನು ಸಂಕ್ಷೇಪವಾಗಿ ನೋಡೋಣ. ಸಿಂಧನೂರಿನ ಬಳಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗಾಗಿ ಮಾಡಿದ ಕ್ಯಾಂಪುಗಳಿವೆ. ಅಲ್ಲಿನ ವೃದ್ಧನೊಬ್ಬ ಇಂದಿಗೂ ತನ್ನ ತಗಡಿನ ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ, ಬೆಂಕಿಪೊಟ್ಟಣ, ಅಕ್ಕಿ ತುಂಬಿ ಬಾಗಿಲ ಬಳಿಯೇ ಇಟ್ಟಿರುತ್ತಾನೆ. ಓಡುವುದನ್ನು ಬಲ್ಲವನೆಂಬ ಕಾರಣಕ್ಕೆ ಅವನು ಗುಮಾಸ್ತನಿಗೆ ಗುರುವಾಗುತ್ತಾನೆ, ಆದರೆ ಆ ಪೆಟ್ಟಿಗೆಯನ್ನು ಮಾತ್ರ ಮುಟ್ಟಗೊಡುವುದಿಲ್ಲ. ಕಾಲುವೆಯ ಗೇಟು ಕಾಯುವವನೊಬ್ಬ ದಂಡೆಯ ಮೇಲೆ ಹಾದುಹೋದ ಪ್ರತಿಯೊಬ್ಬರನ್ನೂ ಗಂಟೆ, ನಿಮಿಷಗಳ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಆ ಬರಹ ಗುಮಾಸ್ತನನ್ನು ಹಿಡಿದುಕೊಡಬಲ್ಲದು, ಕೊಲೆಯ ರಾತ್ರಿ ಅವನೆಲ್ಲಿದ್ದ ಎಂದು ಹೇಳಿ ಬಿಡಿಸಲೂಬಲ್ಲದು. ಮುದಗಲ್ಲಿನಲ್ಲಿ ಹುಲಿವೇಷಕ್ಕೆ ಬಣ್ಣ ಬಳಿಯುವವನಿಗೆ ಅರ್ಧ ಬಳಿದ ಮೈಯನ್ನು ಬಿಟ್ಟು ಏಳಲು ಆಗುವುದಿಲ್ಲ. ಹೊರಗೆ ಪೊಲೀಸರು ಬಂದಿದ್ದರೂ ಕೊನೆಯ ಪಟ್ಟೆ ಮುಗಿಯಬೇಕು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಅಲೆಮಾರಿ ಸಮುದಾಯಗಳವರನ್ನು ಕಳ್ಳರ ಸಹಾಯಕರಂತೆ ಕಥೆಗೆ ಎಳೆದು ತರುವ ಹಳೆಯ ಚಟವನ್ನು ಬಿಡಿ. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. 1952ರಲ್ಲಿ ಅದು ರದ್ದಾದರೂ ಆ ಕಳಂಕ ಕಥೆಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಎರಡನೆಯದಾಗಿ, ಮಾನಸಿಕ ಕಾಯಿಲೆಯನ್ನು ತಿಕ್ಕಲೆಂದು ಬರೆಯಬೇಡಿ. ನಮ್ಮ ಪಾತ್ರಗಳ ಗೀಳಿನಲ್ಲಿ ಅವರದೇ ಲೆಕ್ಕಾಚಾರವಿದೆ, ಆ ಲೆಕ್ಕಾಚಾರ ಓದುಗನಿಗೆ ಒಮ್ಮೆಯಾದರೂ ಸರಿ ಎನಿಸಬೇಕು.

ಹಾಗೆಂದು ಎಲ್ಲರೂ ತಿಕ್ಕಲರಾಗಬಾರದು. ಗುಮಾಸ್ತ ಮತ್ತು ಅವನ ಹೆಂಡತಿ ಸಾಧಾರಣ ಮನುಷ್ಯರಾಗಿದ್ದರೆ ಮಾತ್ರ ಉಳಿದವರ ವಕ್ರತೆ ಕಾಣುತ್ತದೆ. ಅವನು ಹೆಚ್ಚೆಂದರೆ ಕಂಡದ್ದರ ತೂಕವನ್ನು ಮನಸ್ಸಿನಲ್ಲೇ ಅಂದಾಜು ಮಾಡುವ ಅಭ್ಯಾಸದವನಾಗಿರಲಿ, ಅಷ್ಟು ಸಾಕು.

ಹಂತ 6: ಬೆನ್ನಟ್ಟುವವನಿಗೂ ಒಂದು ಗೀಳು

ಬೆನ್ನಟ್ಟುವವನು ಬರೀ ಚುರುಕು ಬುದ್ಧಿಯ ಅಧಿಕಾರಿಯಾದರೆ ಓದುಗ ಅವನನ್ನು ಮರೆಯುತ್ತಾನೆ. ನಿವೃತ್ತಿಯ ಅಂಚಿನಲ್ಲಿರುವ ಹೆಡ್ ಕಾನ್‌ಸ್ಟೇಬಲ್ ಒಬ್ಬನನ್ನು ಕಲ್ಪಿಸಿಕೊಳ್ಳಿ. ಓಡಿಹೋದವನು ನಂಟರನ್ನು ಬಿಡಬಲ್ಲ, ಹೆಸರನ್ನು ಬಿಡಬಲ್ಲ, ನಾಲಿಗೆಯ ರುಚಿಯನ್ನು ಬಿಡಲಾರ ಎಂಬುದು ಅವನ ಸಿದ್ಧಾಂತ. ಆರೋಪಿಯ ಮನೆಗೆ ಹೋದರೆ ಅವನು ಫೋಟೊ ಕೇಳುವುದಿಲ್ಲ, ತಾಯಿಯ ಎದುರು ಕುಳಿತು “ಯವ್ವಾ, ನಿನ್ನ ಮಗಾ ಏನ್ ತಿಂತಿದ್ದ?” ಎಂದು ಕೇಳುತ್ತಾನೆ. ಗುರೆಳ್ಳು ಚಟ್ನಿಯಿಲ್ಲದೆ ರೊಟ್ಟಿ ಮುರಿಯದವನು ಎಂದು ಗೊತ್ತಾದರೆ ಮುಂದಿನ ಒಂದು ವಾರ ಖಾನಾವಳಿಗಳನ್ನು ಸುತ್ತುತ್ತಾನೆ. ಮೇಲಧಿಕಾರಿಗಳು ದೇವಸೂಗೂರಿನ ಕೃಷ್ಣಾ ಸೇತುವೆಯಲ್ಲಿ ನಾಕಾಬಂದಿ ಹಾಕಿ, ಆರೋಪಿ ರಾಯಚೂರಿನ ಮೇಲೆ ಆಂಧ್ರಕ್ಕೆ ಹೋಗುತ್ತಾನೆಂದು ಕಾಯುತ್ತಿರುವಾಗ ಇವನೊಬ್ಬ ಕುಷ್ಟಗಿಯ ಖಾನಾವಳಿಯಲ್ಲಿ ಉಣ್ಣುತ್ತಾ ಸರಿಯಾದ ದಾರಿಯಲ್ಲಿರುತ್ತಾನೆ. ಎಳ್ಳಮಾವಾಸ್ಯೆಯ ಆ ಹೊಲದ ಊಟ ಎರಡೇ ದಿನಗಳಲ್ಲಿ ಇವನ ಕಿವಿಗೆ ಬೀಳಬೇಕು.

ಹಂತ 7: ದಾರಿ ಮತ್ತು ಗೀಳುಗಳನ್ನು ಹೆಣೆಯುವುದು

ಸಂಡೂರು, ಬಳ್ಳಾರಿ, ಕಂಪ್ಲಿ, ಗಂಗಾವತಿ, ಸಿಂಧನೂರು, ಮುದಗಲ್ಲು, ಕುಷ್ಟಗಿ, ಕೊಪ್ಪಳ: ಇದು ಹೆಚ್ಚುಕಡಿಮೆ ಒಂದು ಸುತ್ತು. ಓಡುವವನು ದೂರ ದೂರ ಹೋಗುವ ಬದಲು ಹೊರಟ ಕಡೆಗೇ ಮರಳುತ್ತಿದ್ದಾನೆ, ಏಕೆಂದರೆ ಆ ಪ್ಯಾಂಟುಗಳು ಗವಿಮಠದ ಜಾತ್ರೆಯ ಅಂಗಡಿಸಾಲಿಗೆ ಬರಲಿವೆ. ಪ್ರತಿ ಊರಿಗೆ ಒಂದು ಹಾಳೆ ತೆಗೆದುಕೊಂಡು ಅವನು ಅಲ್ಲಿಗೆ ಹೇಗೆ ಬಂದ, ಯಾರ ಗೀಳಿಗೆ ಸಿಕ್ಕ, ಏನನ್ನು ಕಳೆದುಕೊಂಡು ಹೊರಟ ಎಂದು ಬರೆಯಿರಿ. ಬಸ್ಸು, ಟಂಟಂ, ಭತ್ತದ ಲಾರಿ, ನಡಿಗೆ ಹೀಗೆ ವಾಹನ ಬದಲಾಗುತ್ತಿರಲಿ. ಕೂಲಿ ಅರಸಿ ದೂರದೂರಿಗೆ ಗುಳೆ ಹೋಗುವವರ ಗುಂಪಿನೊಡನೆ ಗಂಟುಮೂಟೆ ಹೊತ್ತು ಒಂದು ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗುವ ಅಧ್ಯಾಯವೂ ಇರಲಿ. ಅಲ್ಲಿ ಒಬ್ಬ ಹೆಚ್ಚಾದರೆ ಎಣಿಸುವವರು ಯಾರೂ ಇರುವುದಿಲ್ಲ, ಆದರೆ ಹೆಂಡತಿ ಮಕ್ಕಳಿಲ್ಲದೆ ಒಬ್ಬನೇ ಗುಳೆ ಹೊರಟವನನ್ನು ಮುದುಕಿಯೊಬ್ಬಳು ಅನುಮಾನದಿಂದ ನೋಡುತ್ತಾಳೆ.

ಒಬ್ಬ ತಿಕ್ಕಲು ಮನುಷ್ಯನ ಅಧ್ಯಾಯದ ನಂತರ ತಕ್ಷಣ ಇನ್ನೊಬ್ಬನನ್ನು ತರಬೇಡಿ. ನಡುವೆ ಬರೀ ನಡಿಗೆಯ, ಹಸಿವಿನ, ಕಾಲುನೋವಿನ ಕೆಲವು ಪುಟಗಳು ಬೇಕು. ಕೊನೆಯ ದೃಶ್ಯವನ್ನು ಕಿತ್ತು ಮೊದಲಿಗೇ ತೋರಿಸಿ ‘ಐದು ವಾರಗಳ ಹಿಂದೆ’ ಎಂದು ಆರಂಭಿಸುವ ಚಾಳಿಯೂ ಬೇಡ. ಅದು ಮೊದಲ ಅಧ್ಯಾಯದ ಮೇಲೆ ಬರಹಗಾರನಿಗೇ ನಂಬಿಕೆಯಿಲ್ಲ ಎಂದು ಸಾರುತ್ತದೆ.

ಹಂತ 8: ಮಾತು

ನಿರೂಪಣೆಯನ್ನು ಗ್ರಾಂಥಿಕವಾಗಿಟ್ಟು ಸಂಭಾಷಣೆಯನ್ನು ಆಡುನುಡಿಯಲ್ಲಿ ಬರೆಯುವುದು ಈ ಕಥೆಗೆ ಒಪ್ಪುತ್ತದೆ. ಬಳ್ಳಾರಿ ಪೇಟೆಯ ಕನ್ನಡದಲ್ಲಿ ತೆಲುಗಿನ ಲಯವಿದೆ, ರಾಯಚೂರಿನದರಲ್ಲಿ ಉರ್ದುವಿನ ಪದಗಳಿವೆ, ಕೊಪ್ಪಳ ಧಾರವಾಡದ ಕಡೆಗೆ ವಾಲುತ್ತದೆ. ಗುಮಾಸ್ತ ಊರಿಂದೂರಿಗೆ ಹೋದಂತೆ ಅವನ ಮಾತೇ ಅವನನ್ನು ಪರಊರಿನವನೆಂದು ತೋರಿಸಿಕೊಡುತ್ತದೆ. ಆಡುನುಡಿಯನ್ನು ನಗೆಗಾಗಿ ಬಳಸಬಾರದು. ಓದಲು ತೊಡಕಾಗುವಷ್ಟು ಅಕ್ಷರಶಃ ಹಿಡಿದಿಡಲೂಬಾರದು.

ಹಂತ 9: ಎಲ್ಲ ಗೀಳುಗಳೂ ಒಂದೆಡೆ ಸೇರುವ ಅಂತ್ಯ

ಜಾತ್ರೆಯ ಮಹಾದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ, ಸುತ್ತಲಿನ ಹಳ್ಳಿಗಳಿಂದ ರೊಟ್ಟಿಗಳು ಗಾಡಿಗಟ್ಟಲೆ ಬಂದು ಬೀಳುತ್ತವೆ. ಉಣ್ಣುವವನ ಹೆಸರನ್ನು ಯಾರೂ ಕೇಳದ ಜಾಗವದು. ಹೆಡ್ ಕಾನ್‌ಸ್ಟೇಬಲನ ಸಿದ್ಧಾಂತ ಇಲ್ಲಿ ಸೋಲುತ್ತದೆ, ಏಕೆಂದರೆ ಎಲ್ಲರ ತಟ್ಟೆಯಲ್ಲಿಯೂ ಒಂದೇ ಊಟವಿದೆ. ಬೋಳುತಲೆಯ ಗುಮಾಸ್ತ ಪಂಕ್ತಿಯಲ್ಲಿದ್ದಾನೆ, ಬಟ್ಟೆಯ ಅಂಗಡಿ ಕೂಗಳತೆಯಲ್ಲಿದೆ, ಕೂದಲು ವ್ಯಾಪಾರಿ ತನ್ನ ಪೊಟ್ಟಣಕ್ಕೆ ಗಿರಾಕಿಯನ್ನು ಹುಡುಕಿಯಾಗಿದೆ. ಇಲ್ಲಿ ಯಾರ ಗೀಳು ಯಾರನ್ನು ಉಳಿಸಬೇಕು ಎಂಬುದನ್ನು ಬರಹಗಾರ ನಿರ್ಧರಿಸಬೇಕು. ನನ್ನ ಅಭಿಪ್ರಾಯದಲ್ಲಿ ಪೇಟಿ ಮಾಸ್ತರನೇ ಅದಕ್ಕೆ ತಕ್ಕವನು: ಆ ಗದ್ದಲದಲ್ಲಿ, ಕರಿ ಎರಡರ ಒಂದು ದನಿಯನ್ನು ದೂರದಿಂದ ಕೇಳಿ, ಬದುಕಿನಲ್ಲಿ ಮೊದಲ ಸಲ ‘ಇದು ನನಗೆ ಗೊತ್ತಿಲ್ಲದ ದನಿ’ ಎಂದು ಪೊಲೀಸರಿಗೆ ಸುಳ್ಳು ಹೇಳಬೇಕು. ಆಕಸ್ಮಿಕವಾಗಿ ಬಂದ ಲಾರಿ, ಆಕಸ್ಮಿಕವಾಗಿ ಸಿಕ್ಕ ಪತ್ರ, ಕೊನೆಯ ಗಳಿಗೆಯಲ್ಲಿ ಬಂದ ಪತ್ರಕರ್ತ ಇವುಗಳಿಂದ ಕಥೆ ಮುಗಿಸುವುದಕ್ಕಿಂತ ಇದು ಮೇಲು.

ಹಂತ 10: ತಿದ್ದುವುದು

ಮೊದಲ ಕರಡು ಮುಗಿದ ಮೇಲೆ ಒಬ್ಬೊಬ್ಬ ತಿಕ್ಕಲು ಮನುಷ್ಯನನ್ನೂ ಮನಸ್ಸಿನಲ್ಲಿಯೇ ಕಥೆಯಿಂದ ತೆಗೆದು ನೋಡಿ. ಅವನಿಲ್ಲದೆಯೂ ಗುಮಾಸ್ತ ಅದೇ ದಿನ ಅದೇ ಊರು ಮುಟ್ಟುವುದಾದರೆ, ಅವನ ಮಾತು ಎಷ್ಟೇ ರಸವತ್ತಾಗಿದ್ದರೂ, ಅವನನ್ನು ಕೈಬಿಡಿ. ಬಳಿಕ ಕಾಲದ ತಪ್ಪುಗಳನ್ನು ಹುಡುಕಿ: 2010ರಲ್ಲಿ ವಿಜಯನಗರ ಜಿಲ್ಲೆ ಇರಲಿಲ್ಲ, ಅದು 2021ರಲ್ಲಿ ಬಂದದ್ದು; ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಕೃಷ್ಣೆಯಾಚೆ ತೆಲಂಗಾಣವಿರಲಿಲ್ಲ, 2014ರ ಜೂನ್ 2ರವರೆಗೆ ಅದು ಆಂಧ್ರಪ್ರದೇಶ. ‘ಕಲ್ಯಾಣ ಕರ್ನಾಟಕ’ ಎಂದು ಯಾವ ಪಾತ್ರವೂ ಹೇಳುವಂತಿಲ್ಲ, ಆ ಹೆಸರು ಬಂದದ್ದು 2019ರಲ್ಲಿ. ಆಗ ಜನ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದರು. ಕಡೆಗೆ ಸಂಭಾಷಣೆಗಳನ್ನು ಆಯಾ ಊರಿನವರೊಬ್ಬರ ಮುಂದೆ ಗಟ್ಟಿಯಾಗಿ ಓದಿ, ಅವರು ನಕ್ಕ ಜಾಗಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ನಗಬೇಕಾದಲ್ಲಿ ನಕ್ಕರೋ ನಗಬಾರದಲ್ಲಿ ನಕ್ಕರೋ ಎಂದು ವಿಂಗಡಿಸಿಕೊಂಡ ಮೇಲೆ ಎರಡನೆಯ ಕರಡಿಗೆ ಕೈಹಾಕಬಹುದು.